ಗೌರಜ್ಜಿಯ ಫೋನು, ಸೊರಬದ ಸೀಟು

ನಮ್ಮ ಪಕ್ಕದ ಮನೆಯ ಹುಡುಗಿಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಮೊನ್ನೆ ಪೇಡೆ ಕೊಡಲು ಬಂದವಳು ಮೊಬೈಲನ್ನು ನನ್ನ ಮೂಗಿಗೆ ಹಿಡಿದು, "ನೋಡಿ ಆಂಟಿ, ನಮ್ಮನೆ ಮಹಡಿ ಮೇಲೆ ಒಂದು ಸರ್ವರ್ ಇಟ್ಟಿದ್ದೀನಿ. ಅದರೊಳಗೆ ಬೇಕಾದಷ್ಟು ವರ್ಚುವಲ್ ಮಷೀನು. ನಾನು ಎಲ್ಲೇ ಇದ್ರೂ ಇಲ್ಲಿಂದಲೇ ಒಳಗೆ ಹೋಗಿ ಕೆಲಸ ಮಾಡಬಹುದು. ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ?" ಅಂದಳು. ಪೇಡೆ ಬಾಯಲ್ಲಿತ್ತು, ಇಲ್ಲದಿದ್ದರೆ ಅಲ್ಲೇ ಉತ್ತರ ಕೊಡುತ್ತಿದ್ದೆ. ಇರ್ಲಿಲ್ವಂತೆ! ಇತ್ತು ಕಣೇ. ಎಲ್ಲಾ ಇತ್ತು. ಜೊತೆಗೆ ನಿಮಗೆ ಇಲ್ಲದ ಒಂದು ವಸ್ತು ನಮಗೆ ಇತ್ತು, ಅದರ ಹೆಸರು ಗೌರಜ್ಜಿ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಬರದಿದ್ದರೆ ಓದಿ ನಗಿ, ನನ್ನದೇನೂ ತಕರಾರಿಲ್ಲ.

ನಾನು ವಿಶಾಲಾಕ್ಷಿ. ನಿವೃತ್ತಿಯಾಗುವ ಹೊತ್ತಿಗೆ ಬೇರೆ ಊರಿನ ದೊಡ್ಡ ಆಫೀಸಿನಲ್ಲಿ ದೊಡ್ಡ ಕುರ್ಚಿಯಲ್ಲೇ ಇದ್ದೆ. ಹಾರ ಹಾಕಿದರು, ಶಾಲು ಹೊದಿಸಿದರು, ಬಾಯಿ ತುಂಬ ಸುಳ್ಳು ಹೇಳಿ ಮನೆಗೆ ಕಳಿಸಿದರು. ಆ ಕಥೆ ಯಾರಿಗೂ ಬೇಡ. ಕೆಲಸ ಅಂದರೇನು ಅಂತ ನಾನು ಕಲಿತದ್ದು ತೊಂಬತ್ತರ ದಶಕದಲ್ಲಿ, ಶಿಕಾರಿಪುರದ ಒಬ್ಬ ಬಸ್ ಮಾಲೀಕರ ನಡುಮನೆಯಲ್ಲಿ.

ಮಾಲೀಕರ ಹೆಸರು ಚನ್ನವೀರಪ್ಪ. ಊರೆಲ್ಲ ಸಾವ್ಕಾರ್ರು ಅನ್ನುತ್ತಿತ್ತು. ಅಪ್ಪನ ಕಾಲದಿಂದ ಬಸ್ಸು ಓಡಿಸಿದ ಮನೆತನ. ಅವರ ಬಸ್ಸುಗಳಲ್ಲಿ ಪಟ್ಟದಾನೆ ಅಂದರೆ ಬೆಂಗಳೂರಿನ ಬಸ್ಸು. ಮಧ್ಯಾಹ್ನ ಇಳಿದ ಮೇಲೆ ಸೊರಬದಲ್ಲಿ ಹೊರಟು, ಶಿರಾಳಕೊಪ್ಪ ದಾಟಿ, ಸಂಜೆಗೆ ಶಿಕಾರಿಪುರ ಮುಟ್ಟಿ, ಬೆಳಗಾಗುವುದರೊಳಗೆ ಬೆಂಗಳೂರು ಸೇರುತ್ತಿತ್ತು. ಆಗ ಸೊರಬಕ್ಕೆ ಇಷ್ಟು ಸೀಟು, ಶಿಕಾರಿಪುರಕ್ಕೆ ಇಷ್ಟು ಸೀಟು ಅಂತ ಹಂಚಿಬಿಡುತ್ತಿದ್ದರು. ಸೊರಬದಲ್ಲಿ ಜನ ಕೈಮುಗಿದು ನಿಂತಿದ್ದರೆ ಶಿಕಾರಿಪುರದ ಸೀಟು ಖಾಲಿ ಹೋಗುತ್ತಿತ್ತು. ಮಾರನೇ ದಿನ ಅದೇ ತಿರುಗುಮುರುಗು. ಸಾವ್ಕಾರ್ರು ಒಮ್ಮೆ ಬೆಂಗಳೂರಿನ ಯಾವುದೋ ಟ್ರಾವೆಲ್ಸ್ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಸೀಟು ಕೊಡುವುದನ್ನು ನೋಡಿಬಂದರು. ಆಮೇಲೆ ಅವರಿಗೆ ನಿದ್ದೆ ಬರಲಿಲ್ಲ, ನಮಗೂ ಬರದ ಹಾಗೆ ಮಾಡಿದರು.

ಯಂತ್ರ ಬಂತು, ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಕೂರಿಸಲು ಟೈ ಕಟ್ಟಿದ ಒಬ್ಬ ಎಂಜಿನಿಯರೂ ಬಂದರು. ಶಿಕಾರಿಪುರದ ಬಿಸಿಲಿಗೆ ಟೈ ಎರಡನೇ ದಿನ ಸಡಿಲವಾಯಿತು, ಮೂರನೇ ದಿನ ಅದರಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದರು. ಆದರೆ ಅವರು ಹೇಳಿಕೊಟ್ಟ ವಿಷಯ ಮಾತ್ರ ಚಿನ್ನದಂಥದ್ದು. ಇರುವುದು ಒಂದೇ ಪೆಟ್ಟಿಗೆ. ಅದರೊಳಗೆ ಒಂದು ಪ್ರೋಗ್ರಾಂ ಹಾಕಿ ನೆನಪಿನ ಜಾಗವನ್ನು ಗೋಡೆ ಎಬ್ಬಿಸಿದಂತೆ ಪಾಲು ಮಾಡುತ್ತಿದ್ದರು. ಒಂದೊಂದು ಪಾಲೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಅಂತ ತಿಳಿದುಕೊಂಡು ಕೆಲಸ ಮಾಡುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಇದೆ ಅನ್ನುವುದೇ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ನಾವು ಅವಕ್ಕೆ ಕೋಣೆ ಅನ್ನುತ್ತಿದ್ದೆವು. ಮೊದಲನೇ ಕೋಣೆ ಶಿಕಾರಿಪುರದ ಬುಕಿಂಗಿಗೆ, ಅದು ಸಾವ್ಕಾರ್ರ ಮನೆಯ ಮುಂಭಾಗದಲ್ಲೇ ಇತ್ತು. ಎರಡನೇ ಕೋಣೆ ಸೊರಬಕ್ಕೆ. ಅಲ್ಲಿ ಯಂತ್ರವಿಲ್ಲ, ಬರೀ ಪರದೆ, ಕೀಬೋರ್ಡು, ಒಂದು ಪ್ರಿಂಟರು. ಟೆಲಿಫೋನ್ ತಂತಿಯ ಮೇಲೆ ಇಲ್ಲಿಗೆ ಬಂದು ತಮ್ಮ ಕೋಣೆಯಲ್ಲಿ ಕೆಲಸ ಮಾಡಿ ಹೋಗಬೇಕು. ಮೂರನೇ ಕೋಣೆ ಸಾವ್ಕಾರ್ರ ಸ್ವಂತಕ್ಕೆ. ಅವರು ಅದರಲ್ಲಿ ಇಸ್ಪೀಟು ಆಡುತ್ತಿದ್ದರು. ಬೇರೆ ಏನೂ ಮಾಡಿದ್ದನ್ನು ನಾನು ನೋಡಲಿಲ್ಲ. ಬಸ್ಸಿನ ಸೀಟಿನ ನಕ್ಷೆ ಮಾತ್ರ ಎಲ್ಲ ಕೋಣೆಗೂ ಸೇರಿ ಒಂದೇ. ಒಬ್ಬರು ಒಂದು ಸೀಟು ಕೊಟ್ಟರೆ ಉಳಿದವರ ಪರದೆಯಲ್ಲೂ ಅದು ಹೋಯಿತು ಅಂತ ಕಾಣುತ್ತಿತ್ತು.

ಯಂತ್ರವನ್ನು ಮನೆಯಲ್ಲೇ ಇಟ್ಟಿದ್ದು ಯಾಕೆ ಅಂದರೆ, ಟೆಲಿಫೋನ್ ಇದ್ದದ್ದು ಮನೆಯಲ್ಲಿ. ಹೊಸ ಕನೆಕ್ಷನ್ನಿಗೆ ಅರ್ಜಿ ಹಾಕಿದರೆ ನಮ್ಮ ಮೊಮ್ಮಕ್ಕಳ ಮದುವೆಗೆ ಬರುತ್ತಿತ್ತೋ ಏನೋ. ಹಾಗಾಗಿ ನಡುಮನೆಯಲ್ಲಿ ಫೋನಿನ ಪಕ್ಕ ಯಂತ್ರ, ಯಂತ್ರದ ಕೆಳಗೆ ಕರೆಂಟು ಹೋದಾಗಿನ ಬಂದೋಬಸ್ತಿಗೆ ಹಳೇ ಬಸ್ಸಿನ ಬ್ಯಾಟರಿ, ಎಲ್ಲದರ ಎದುರಿಗೆ ಚಾಪೆ ಹಾಸಿಕೊಂಡು ಗೌರಜ್ಜಿ.

ಗೌರಜ್ಜಿ ಅಂದರೆ ಸಾವ್ಕಾರ್ರ ತಾಯಿ. ಅವಳನ್ನು ಬಹುವಚನದಲ್ಲಿ ಬರೆಯಲು ನನಗೆ ಕೈ ಬರುತ್ತಿಲ್ಲ, ಬರೆದರೆ ಅವಳೇ ಬೈಯುತ್ತಿದ್ದಳು. ಆ ಓಣಿಗೆಲ್ಲ ಇದ್ದದ್ದು ಅದೊಂದೇ ಫೋನು. ಓಣಿಯವರು ತಮ್ಮ ಮದುವೆ ಕರೆಯೋಲೆಯ ಮೇಲೂ ಸಾವ್ಕಾರ್ರ ನಂಬರನ್ನೇ ಅಚ್ಚು ಹಾಕಿಸಿ ಪಕ್ಕದಲ್ಲಿ ಪಿ.ಪಿ., ಅಂದರೆ ಪಕ್ಕದ ಮನೆಯ ಫೋನು, ಅಂತ ಬರೆಸುತ್ತಿದ್ದರು. ಯಾರಿಗೆ ಫೋನ್ ಬಂದರೂ ಅಜ್ಜಿ ಎತ್ತಿ, ಯಾರು ಏನು ಅಂತ ವಿಚಾರಿಸಿ, ಬಾಗಿಲಿಗೆ ಹೋಗಿ ಕೂಗಬೇಕು. ನೀಲಮ್ಮನ ಮಗಳು ಬಸುರಿಯಾದದ್ದು ನೀಲಮ್ಮನಿಗಿಂತ ಮೊದಲು ಅಜ್ಜಿಗೆ ಗೊತ್ತು. ಅಂಥ ಆಸ್ಥಾನದ ಮಧ್ಯೆ ನಾವು ಹೋಗಿ ಮೋಡೆಮ್ ಇಟ್ಟೆವು.

ಮೋಡೆಮ್ ಅಂದರೆ ಫೋನಿನ ತಂತಿಯಲ್ಲಿ ಯಂತ್ರಗಳು ಮಾತಾಡಿಕೊಳ್ಳಲು ಬೇಕಾದ ಪುಟ್ಟ ಡಬ್ಬಿ. ಫೋನ್ ಬಂದ ಕೂಡಲೇ ಅದು ತಾನೇ ಎತ್ತಿಕೊಂಡು ಕೀಂಯ್ ಕರ್ ಅಂತ ಅರಚುತ್ತಿತ್ತು. ಯಾರು ಫೋನ್ ಮಾಡಿದರೂ ಅರಚುತ್ತಿತ್ತು, ಅದೇ ಕಷ್ಟ. ತೊಗರ್ಸಿಯಿಂದ ಒಬ್ಬ ತನ್ನ ಅಕ್ಕನಿಗೆ ಫೋನ್ ಮಾಡಿದವನು ಹೆದರಿ, ಮರುದಿನ ಸೈಕಲ್ ತುಳಿದುಕೊಂಡೇ ಬಂದ. "ಸಾವ್ಕಾರ್ರ ಫೋನಿನಾಗೆ ಹಂದಿ ಕೊಯ್ದಂಗೆ ಕೇಳ್ತೈತ್ರೀ. ಮನ್ಯಾಗೆ ಎಲ್ಲಾ ಆರಾಮಾ?" ಅಂತ ಬಾಗಿಲಲ್ಲಿ ನಿಂತು ಕೇಳಿದ. ಅಜ್ಜಿ ಎಂಜಿನಿಯರನ್ನು ಕರೆದು ನಿಲ್ಲಿಸಿದಳು.

"ಏನಪಾ ಟೈ, ನನ್ನ ಫೋನಿಗೆ ಏನ್ ಮಾಡೀದಿ?"

"ಅಮ್ಮಾ, ಇದು ಫುಲ್ ಆಟೋಮ್ಯಾಟಿಕ್. ಯಾರೂ ಮುಟ್ಟೋ ಹಂಗೇ ಇಲ್ಲ."

"ಅದನ್ನ ನಿಮ್ಮವ್ವನ ಮನ್ಯಾಗೆ ಇಡು ಹೋಗು. ಇಲ್ಲಿ ಜನ ಅದಾರೆ."

ಆಟೋಮ್ಯಾಟಿಕ್ ಅಲ್ಲಿಗೆ ಮುಗಿಯಿತು. ಡಬ್ಬಿಯ ಮುಂದೆ ಒಂದು ಸ್ವಿಚ್ ಇತ್ತು. ಅಜ್ಜಿ ಮೊದಲು ಫೋನ್ ಎತ್ತಿ ಮಾತಾಡಬೇಕು, ಸೊರಬದವರು ಅಂತ ಖಾತ್ರಿಯಾದ ಮೇಲೆ ಸ್ವಿಚ್ ಒತ್ತಬೇಕು, ಆಗ ಯಂತ್ರ ಬಾಯಿ ಬಿಡಬೇಕು ಅಂತ ಒಪ್ಪಂದವಾಯಿತು. ಎಂಜಿನಿಯರು ಟೈ ಮಡಿಸಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಹೋಗುವಾಗ ನನ್ನ ಕಿವಿಯಲ್ಲಿ, "ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬೇಡಿ" ಅಂದರು. ಒಂದು ವಾರದಲ್ಲಿ ಎಲ್ಲ ಕೋಣೆಯ ಪಾಸ್‌ವರ್ಡೂ ಅಜ್ಜಿಗೆ ಬಾಯಿಪಾಠವಾಗಿತ್ತು. ಮರೆತವರು ಅವಳನ್ನೇ ಕೇಳುತ್ತಿದ್ದರು.

ನೀವು ಈಗ ಬೆರಳಚ್ಚು, ಕಣ್ಣುಗುಡ್ಡೆ, ಓಟಿಪಿ ಅಂತ ಏನೇನೋ ಕೊಟ್ಟು ಒಳಗೆ ಹೋಗುತ್ತೀರಿ. ನಮ್ಮಲ್ಲಿ ಒಳಗೆ ಹೋಗುವ ಕ್ರಮ ಹೀಗಿತ್ತು. ಸೊರಬದಲ್ಲಿ ಟಿಕೆಟ್ ಕೊಡುವ ಹಾಲೇಶ ಫೋನ್ ಮಾಡುತ್ತಿದ್ದ.

"ಯಾರು?"

"ನಾನು ಅಜ್ಜಿ, ಸೊರಬದ ಹಾಲೇಶ."

"ಊಟಾತಾ?"

"ಆಯ್ತು ಅಜ್ಜಿ. ನಿಮ್ದು?"

"ನಂದೆಲ್ಲಿ, ಸೊಸಿ ಇನ್ನೂ ರೊಟ್ಟಿ ತಟ್ತಾಳೆ. ಕಾಲು ನೋವು ಹೆಂಗೈತಿ?"

"ಮಳೆ ಮೋಡ ಆದ್ರೆ ಸೆಳೀತದೆ."

"ಸರಿ, ತಡಿ. ದೆವ್ವ ಬಿಡ್ತೀನಿ."

ಸ್ವಿಚ್ ಒತ್ತುತ್ತಿದ್ದಳು. ಕೀಂಯ್ ಕರ್. ಸೊರಬದ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ, ಮದುಮಗಳು ನಡೆದಂತೆ, ನಿಧಾನಕ್ಕೆ ಬಂದು ನಿಲ್ಲುತ್ತಿದ್ದವು. ಓಣಿಯಲ್ಲಿ ಯಾರಿಗಾದರೂ ಮುಖ್ಯವಾದ ಫೋನು ಬರುವುದಿದ್ದರೆ ಮಾತ್ರ ಅಜ್ಜಿ ಖಡಾಖಂಡಿತ. "ಈಗಿಲ್ಲ. ನೀಲಮ್ಮನ ಮಗಳಿಗೆ ಬ್ಯಾನಿ ಶುರುವಾಗೈತಿ. ಫೋನು ಬರಬೇಕು. ನಿನ್ನ ಬಸ್ಸು ಏನ್ ಹೆರ್ತೈತಾ?" ಅಂತ ಇಟ್ಟುಬಿಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಹಾಲೇಶ ಕೈಯಲ್ಲೇ ಟಿಕೆಟ್ ಬರೆದುಕೊಟ್ಟು, ತಂತಿ ಸಿಕ್ಕ ಮೇಲೆ ಯಂತ್ರಕ್ಕೆ ತುಂಬಬೇಕು ಅಂತ ಸಾವ್ಕಾರ್ರೇ ಅಪ್ಪಣೆ ಕೊಟ್ಟಿದ್ದರು.

ನನ್ನ ಘನಕಾರ್ಯಗಳನ್ನೂ ಹೇಳಿಬಿಡುತ್ತೇನೆ. ಒಮ್ಮೆ ನಾನು ಸೊರಬದಲ್ಲಿ ಕೂತಿದ್ದೆ. ಸೊರಬದ ಕೋಣೆ ಗರ ಬಡಿದಂತೆ ನಿಂತಿತ್ತು. ಅದೊಂದನ್ನೇ ಮುಚ್ಚಿ ತೆರೆಯುವ ಬದಲು ಇಡೀ ಯಂತ್ರವನ್ನೇ ಮುಚ್ಚಿ ತೆರೆಯುವ ಆಜ್ಞೆ ಕೊಟ್ಟುಬಿಟ್ಟೆ. ಅತ್ತ ಶಿಕಾರಿಪುರದಲ್ಲಿ ಸಾವ್ಕಾರ್ರು ಇಸ್ಪೀಟಿನಲ್ಲಿ ಇನ್ನೇನು ಗೆಲ್ಲುವುದರಲ್ಲಿದ್ದರಂತೆ. ಯಾರ ಹತ್ತಿರ ದೂರು ಹೇಳುತ್ತಾರೆ? ಸಂಜೆ ನನ್ನನ್ನು ನೋಡಿ, "ಏನ್ರೀ, ಕರೆಂಟು ಬಹಳ ತೊಂದರೆ ಕೊಡ್ತೈತಲ್ಲ" ಅಂದರು. "ಹೌದ್ರೀ ಸರ್" ಅಂದೆ. ಇನ್ನೊಂದು ಸಲ ಯಂತ್ರ ದಿನಾ ಮಧ್ಯಾಹ್ನ ಸಾಯತೊಡಗಿತು. ಬಿಚ್ಚಿದೆ, ಒರೆಸಿದೆ, ಬೆಂಗಳೂರಿಗೆ ಫೋನ್ ಮಾಡಿ ಬೈಸಿಕೊಂಡೆ. ಕಡೆಗೆ ನೋಡಿದರೆ ಅಜ್ಜಿ ಧೂಳು ಬೀಳದಿರಲಿ ಅಂತ ಊಟದ ಹೊತ್ತಿಗೆ ಅದಕ್ಕೆ ಕೌದಿ ಹೊದಿಸುತ್ತಿದ್ದಳು. ಒಳಗೆ ಅದು ಬೆಂದುಹೋಗುತ್ತಿತ್ತು. ಫ್ಯಾನ್ ಇಟ್ಟು, ಕೌದಿ ಕಿತ್ತುಕೊಂಡು ಬೀರುವಿನಲ್ಲಿ ಹಾಕಿ ಬೀಗ ಜಡಿದೆ.

ಇಷ್ಟೆಲ್ಲ ತಮಾಷೆಯಾಗಿ ನಡೆಯುತ್ತಿರುವಾಗ ಸೀಟು ಡಬಲ್ ಆಗತೊಡಗಿತು.

ಏನು ಅಂದರೆ, ಸೊರಬದಲ್ಲಿ ಟಿಕೆಟ್ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತು ಬಂದವರನ್ನು ಶಿಕಾರಿಪುರದಲ್ಲಿ ಎಬ್ಬಿಸಿ ಹಿಂದೆ ಕಳಿಸುತ್ತಿದ್ದರು. ಅದೇ ಸೀಟಿಗೆ ಇಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು. ಆ ರಸ್ತೆಯಲ್ಲಿ ಹಿಂದಿನ ಸೀಟು ಅಂದರೆ ಒನಕೆಯ ಕೆಳಗಿನ ಭತ್ತದ ಪಾಡು. ಏಟು ತಿಂದವರು ಬೆಂಗಳೂರಿಂದ ವಾಪಸು ಬಂದು ಸಾವ್ಕಾರ್ರ ಮನೆಯ ಮುಂದೆ ನಿಂತು ಜನ್ಮ ಜಾಲಾಡುತ್ತಿದ್ದರು. ಕಂಡಕ್ಟರನ್ನು ಕೇಳಿದರೆ, "ಸೀಟು ಡಬಲ್ ಆಗಿತ್ರೀ ಸಾವ್ಕಾರ್ರೆ" ಅನ್ನುತ್ತಿದ್ದ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಸಾವ್ಕಾರ್ರ ಅನುಮಾನ ಹಾಲೇಶನ ಮೇಲೆ ಹೋಯಿತು. ಕೈಯಲ್ಲಿ ಟಿಕೆಟ್ ಬರೆಯುವವನು ಅವನೊಬ್ಬನೇ. ಬರೆದು ದುಡ್ಡು ಜೇಬಿಗಿಳಿಸಿ, ಯಂತ್ರಕ್ಕೆ ಹೇಳದೆ ಬಿಡುತ್ತಿದ್ದಾನೆ, ಅದಕ್ಕೇ ಇಲ್ಲಿಯವರು ಅದೇ ಸೀಟು ಮತ್ತೆ ಕೊಡುತ್ತಿದ್ದಾರೆ ಅಂತ ಅವರ ಲೆಕ್ಕ. ನನ್ನನ್ನು ಕರೆದು ಹೇಳಿದರು: "ನೋಡ್ರೀ, ನಾನು ಓದಿದೋನಲ್ಲ. ಯಂತ್ರ ತಪ್ಪು ಮಾಡ್ತೈತೋ, ಆ ಹಾಲೇಶ ಕದೀತಾನೋ, ನೀವೇ ಹೇಳಬೇಕು. ಹಬ್ಬದ ಗಿರಾಕಿ ಮುಗೀಲಿ. ಯಂತ್ರ ನೆಟ್ಟಗೈತಿ ಅಂತ ನೀವು ಅಂದ್ರೆ ಅವನನ್ನ ಬಿಡಿಸ್ತೀನಿ."

ಹಾಲೇಶ ಮೊದಲು ಅದೇ ಬಸ್ಸಿನಲ್ಲಿ ಕ್ಲೀನರ್ ಆಗಿದ್ದವನು. ಟಯರು ಬಿಚ್ಚುವಾಗ ಜ್ಯಾಕ್ ಜಾರಿ ಕಾಲು ನಜ್ಜುಗುಜ್ಜಾಗಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು, ಕೋಲು ಹಿಡಿದು ಎದ್ದು ಬಂದವನಿಗೆ ಸಾವ್ಕಾರ್ರೇ ಸೊರಬದ ಕುರ್ಚಿ ಕೊಟ್ಟಿದ್ದರು. ಮನೆಯಲ್ಲಿ ತಾಯಿ, ಹೆಂಡತಿ, ಎರಡು ಹೆಣ್ಣುಮಕ್ಕಳು. ಆ ಕುರ್ಚಿ ಹೋದರೆ, ಅದೂ ಕಳ್ಳ ಅಂತ ಹೆಸರು ಹೊತ್ತು ಹೋದರೆ, ಅವನನ್ನು ಇನ್ಯಾರು ಕೆಲಸಕ್ಕೆ ಕರೆಯುತ್ತಾರೆ?

ಯಂತ್ರದಲ್ಲಿ ಹುಡುಕಿದೆ. ಡಬಲ್ ಆದ ಸೀಟು ಒಂದೂ ಸಿಗಲಿಲ್ಲ. ಅವನು ಕೈಯಲ್ಲಿ ಬರೆದದ್ದೆಲ್ಲ ಆಮೇಲೆ ಯಂತ್ರಕ್ಕೂ ಬಂದಿತ್ತು, ಎಲ್ಲ ಒಂದಕ್ಕೊಂದು ಕೂಡಿತ್ತು. ಆದರೂ ಬಸ್ಸಿನಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಯಂತ್ರ ಸರಿ ಇದೆ ಅಂದರೆ ಹಾಲೇಶ ಬೀದಿಗೆ. ಸರಿ ಇಲ್ಲ ಅಂದರೆ ನಾನು ಮನೆಗೆ. ನಿಜ ಹೇಳುತ್ತೇನೆ, ನನಗೂ ಹಾಲೇಶನ ಮೇಲೆ ಒಂದು ಗುಮಾನಿ ಬಂದೇ ಬಂತು. ಸೊರಬಕ್ಕೆ ಹೋಗಿ ಅವನ ಎದುರಿಗೇ ಕೂತೆ.

"ಹಾಲೇಶಣ್ಣ, ಏನ್ ನಡೀತಿದೆ ಹೇಳಿ. ಯಂತ್ರ ತಪ್ಪು ಮಾಡಿಲ್ಲ. ಕಳ್ಳ ಅಂತಿದ್ದಾರೆ ನಿಮ್ಮನ್ನ."

ಅವನು ಕೋಲನ್ನು ಗೋಡೆಗೆ ಒರಗಿಸಿ ಕೂತವನು ತಲೆ ಎತ್ತಲಿಲ್ಲ. "ಎಂತ ಹೇಳದು ಮೇಡಂ. ನಾನು ಕದ್ದಿಲ್ಲ. ಯಂತ್ರದ್ದೇ ಎಂತೋ ಇರಬೇಕು ಬಿಡಿ."

"ಯಂತ್ರದ್ದಲ್ಲ ಅಂತ ಹೇಳ್ತಾ ಇದ್ದೀನಲ್ಲ ಮಾರಾಯ!"

"ಹಂಗಾರೆ ನಂಗೊತ್ತಿಲ್ಲ."

ಸಿಟ್ಟು ನೆತ್ತಿಗೇರಿತು. ಕುರ್ಚಿ ಹೋಗುತ್ತಿರುವುದು ಇವನದು, ಒದ್ದಾಡುತ್ತಿರುವುದು ನಾನು. ಬಾಯಿಗೆ ಬಂದಂತೆ ಬೈದು ಬಸ್ಸು ಹತ್ತಿದೆ. ಶಿಕಾರಿಪುರ ಮುಟ್ಟುವ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಸಾವ್ಕಾರ್ರಿಗೆ ಹೇಳಿದೆ: "ಸರ್, ಒಂದು ದಿನ ಸೊರಬದ ಕುರ್ಚೀಲಿ ನೀವೇ ಕೂತು ಟಿಕೆಟ್ ಕೊಡಿ. ಹಾಲೇಶ ಮುಟ್ಟೋದು ಬೇಡ, ನಾನೂ ಮುಟ್ಟಲ್ಲ. ಆಮೇಲೆ ಅದೇ ಬಸ್ಸಲ್ಲಿ ಬನ್ನಿ. ಅವತ್ತೂ ಡಬಲ್ ಆದ್ರೆ ಹಾಲೇಶ ಕಳ್ಳ ಅಲ್ಲ." ಅವರಿಗೂ ಬೆಂಗಳೂರಿನಲ್ಲಿ ಸ್ಪೇರ್ ಪಾರ್ಟ್ಸ್ ತರುವ ಕೆಲಸ ಇತ್ತು. ಒಪ್ಪಿದರು. ಯಾರಿಗೂ ಹೇಳಕೂಡದು ಅಂತ ಮಾತಾಯಿತು, ಮನೆಯಲ್ಲೂ.

ಆ ದಿನ ನಾವಿಬ್ಬರೂ ಸೊರಬಕ್ಕೆ ಹೋದೆವು. ಮನೆಗೆ ಫೋನ್ ಮಾಡಿ ಸಾವ್ಕಾರ್ರೇ ಮಾತಾಡಿದರೆ ಗುಟ್ಟು ರಟ್ಟಾಗುತ್ತಿತ್ತು. ಹಾಗಾಗಿ ಹಾಲೇಶನೇ ಎಂದಿನಂತೆ ಊಟ, ರೊಟ್ಟಿ, ಕಾಲುನೋವು ಎಲ್ಲ ಮುಗಿಸಿ ದೆವ್ವ ಬಿಡಿಸಿಕೊಂಡ. ಆಮೇಲೆ ಸಾವ್ಕಾರ್ರು ಕುರ್ಚಿಯಲ್ಲಿ ಕೂತು, ಒಂದೊಂದು ಗುಂಡಿಯನ್ನೂ ತಿಗಣೆ ಹೊಸಕಿದ ಹಾಗೆ ಒತ್ತುತ್ತಾ ಟಿಕೆಟ್ ಕೊಟ್ಟರು. ಸಾಲು ರಸ್ತೆಯವರೆಗೆ ಬೆಳೆಯಿತು. ಕ್ಯಾಸನೂರಿನ ಕಡೆಯ ಒಬ್ಬರು, "ಈ ಹೊಸ ಗುಮಾಸ್ತ ಎಲ್ಲಿಂದ ಬಂದ ಮಾರಾಯ್ರೆ, ಬಸ್ಸು ಹೊರಡೋದ್ರೊಳಗೆ ಟಿಕೆಟ್ ಸಿಗ್ತದಾ?" ಅಂತ ಕೇಳಿಯೇಬಿಟ್ಟರು. ಸಾವ್ಕಾರ್ರು ಹಲ್ಲು ಕಚ್ಚಿಕೊಂಡರು. ಕಡೆಗೆ ಮೂರನೇ ಸೀಟು ತಮಗೆ, ನಾಲ್ಕನೆಯದು ನನಗೆ ಅಂತ ತಾವೇ ಒತ್ತಿ, ಟಿಕೆಟ್ ಹರಿದುಕೊಂಡರು. ಹಾಲೇಶ ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಮೂರನೇ ಸೀಟು ಅಂದಾಗ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ.

ಸಾವ್ಕಾರ್ರು ಯಾರೂ ಗುರುತು ಹಿಡಿಯದಿರಲಿ ಅಂತ ಮಫ್ಲರನ್ನು ಕಣ್ಣಷ್ಟೇ ಕಾಣುವಂತೆ ಸುತ್ತಿಕೊಂಡು ಕೂತರು. ಕಂಡಕ್ಟರ್ ಮಾತ್ರ ಗುರುತಿಸಿದ. ಅವನ ಮುಖ ನೋಡಬೇಕಿತ್ತು. ಶಿರಾಳಕೊಪ್ಪದಿಂದ ಶಿಕಾರಿಪುರದ ತನಕ ಅವನು ಮುಂದಕ್ಕೆ ಬರಲೇ ಇಲ್ಲ.

ಶಿಕಾರಿಪುರದಲ್ಲಿ ಒಬ್ಬ ವಯಸ್ಸಾದ ರೈತರು ಹತ್ತಿದರು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು. ಹೆಂಡತಿಯ ಭುಜ ಹಿಡಿದುಕೊಂಡು ಸೀದಾ ನಮ್ಮ ಹತ್ತಿರ ಬಂದರು.

"ಏಳ್ರಿ ಸ್ವಲ್ಪ. ಇದು ನಮ್ಮ ಸೀಟು."

ಸಾವ್ಕಾರ್ರ ಬೆನ್ನು ನೆಟ್ಟಗಾಯಿತು. "ಟಿಕೆಟ್ ಎಲ್ಲೈತಿ?"

"ಟಿಕೆಟ್ ಕಂಡಕ್ಟರ್ ಕೊಡ್ತಾನೆ. ಇದು ಅಜ್ಜಿ ಸೀಟು."

"ಯಾವ ಅಜ್ಜಿ?"

ರೈತರು ಒಂಟಿ ಕಣ್ಣಿನಿಂದ ಮಫ್ಲರನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಅಜ್ಜಿ ಅಂತೀರಲ್ಲ, ಯಾವ ಊರ್ರೀ ನಿಮ್ದು? ಗೌರಜ್ಜಿ. ಸಾವ್ಕಾರ್ರ ತಾಯಿ. ನಿನ್ನೆ ಫೋನ್ ಮಾಡಿದ್ದೆ, ಮುಂದಿನ ಎರಡು ನಿಂವೇ ಬಾ ಅಂದಾಳೆ. ಮಗ ಏನೋ ಯಂತ್ರ ತಂದು ಇಟ್ಟಾನಂತೆ. ಯಂತ್ರಕ್ಕೆ ಏನ್ ಗೊತ್ತಾಗ್ತೈತ್ರೀ, ಯಾರಿಗೆ ಕಣ್ಣು ಕಾಣಲ್ಲ ಅಂತ?"

ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ಹಿಂದಿನಿಂದ ಒಬ್ಬಳು ಹೆಂಗಸು, "ಕಣ್ಣಿಲ್ಲದೋರು ಅಂತ ಗೊತ್ತಾಗಲ್ವೇನ್ರೀ, ಎದ್ದೇಳ್ರೀ, ಗಟ್ಟಿಮುಟ್ಟಾಗಿದ್ದೀರಿ" ಅಂತ ದಬಾಯಿಸಿದಳು. ಬಸ್ಸಿನ ಮಾಲೀಕರು ತಮ್ಮ ಬಸ್ಸಿನಲ್ಲಿ, ತಾವೇ ಒತ್ತಿ ತೆಗೆದ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತರು. ನಾನೂ ಎದ್ದೆ. ಕೆಳಗಿಳಿದ ಮೇಲೆ ಅವರು ಮಫ್ಲರ್ ಬಿಚ್ಚಿ, ನನ್ನನ್ನು ನೋಡಿ, ಆಮೇಲೆ ಕಂಡಕ್ಟರನ್ನು ನೋಡಿದರು.

"ಯಾ... ಯಾರ ಹತ್ರ ಹೇಳ್ಲಿ ಸಾವ್ಕಾರ್ರೆ?" ಅಂದ ಕಂಡಕ್ಟರ್. "ನಿಮ್ಮ ಹತ್ರ ನಿಮ್ಮವ್ವನ ಮೇಲೆ ದೂರು ಹೇಳಿ ನಾನು ಈ ಊರಾಗೆ ಇರಾದು ಬ್ಯಾಡೇನ್ರೀ?"

ಸಾವ್ಕಾರ್ರಿಗೆ ಸಿಟ್ಟು ಬರಬೇಕಿತ್ತು. ಬಸ್ ಸ್ಟ್ಯಾಂಡಿನ ಮಧ್ಯೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ನಡೆದರು, ಹಿಂದೆ ನಾನು.

ಅಜ್ಜಿ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

"ಅವ್ವಾ, ಮೂರನೇ ಸೀಟು ಯಾರಿಗೆ ಕೊಟ್ಟಿ?"

"ತಾಳಗುಂದದ ಹನುಮಂತಪ್ಪಗೆ. ಕಣ್ಣಿನ ಆಪರೇಷನ್ ಅಂತೆ ಪಾಪ. ಯಾಕೆ?"

"ಅದರಾಗೆ ನಾನು ಕೂತಿದ್ದೆ. ಎಬ್ಬಿಸಿ ಕಳಿಸಿದ್ರು."

"ಕಳಿಸಲಿ. ನಿನ್ನ ಕಣ್ಣು ನೆಟ್ಟಗದಾವಲ್ಲ."

ಆಮೇಲೆ ಒಂದೊಂದೇ ಹೊರಗೆ ಬಂತು. ಯಜಮಾನರು, ಅಂದರೆ ಸಾವ್ಕಾರ್ರ ತಂದೆ, ಬದುಕಿದ್ದಾಗಿನಿಂದ ಮುಂದಿನ ಎರಡು ಸೀಟು ಅಜ್ಜಿಯವು. ಹಳೇ ಗುಮಾಸ್ತರು ದಿನಾ ಚಾರ್ಟ್ ಬರೆಯುವ ಮೊದಲು ಅಡಿಗೆಮನೆ ಬಾಗಿಲಿಗೆ ಬಂದು, "ಅಮ್ಮಾರೇ, ಇವತ್ತು ನಿಮ್ಮವು ಎಷ್ಟು?" ಅಂತ ಕೇಳಿ, ಆ ಸೀಟು ಬಿಟ್ಟು ಉಳಿದದ್ದು ಹಂಚುತ್ತಿದ್ದರಂತೆ. ರೋಗಿಗಳು, ಬಾಣಂತಿಯರು, ಸಾವಿನ ಸುದ್ದಿ ಕೇಳಿ ಓಡುವವರು, ಎಲ್ಲ ಅವಳಿಗೇ ಹೇಳಿಕೊಳ್ಳುತ್ತಿದ್ದರು. ಮಗನಿಗೆ ಅದು ಗೊತ್ತೇ ಇರಲಿಲ್ಲ, ಯಾಕೆಂದರೆ ಚಾರ್ಟ್ ಬರೆದವರು ಅವರಲ್ಲ. ಯಂತ್ರ ಬಂದ ಮೇಲೆ ಗುಮಾಸ್ತರು ಮನೆಗೆ ಹೋದರು, ಅವರ ಪ್ರಶ್ನೆಯೂ ಅವರ ಜೊತೆ ಹೋಯಿತು. ನಾವು ಬುದ್ಧಿವಂತರು ತಿಂಗಳುಗಟ್ಟಲೆ ಕೂತು ಸೀಟಿನ ನಕ್ಷೆ ಬರೆದೆವಲ್ಲ, ಫೋನಿನ ಎದುರಿಗೆ ಕೂತ ಮುದುಕಿಯನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವಳು ಮಾತ್ರ ಎಂದಿನಂತೆ ಕೊಡುತ್ತಲೇ ಇದ್ದಳು.

"ಸರಿ ಬಿಡು. ಅವ್ವನಿಗೂ ಒಂದು ಕೋಣೆ ಮಾಡಿಕೊಡ್ರೀ" ಅಂದರು ಸಾವ್ಕಾರ್ರು ನನಗೆ. "ಮೂರು, ನಾಲ್ಕು ಅವಳ ಕೋಣೇಲಿ ಮಾತ್ರ ಕಾಣ್ಲಿ. ಬ್ಯಾರೆ ಯಾರಿಗೂ ಕಾಣೋದು ಬ್ಯಾಡ." ಆಮೇಲೆ ತಾಯಿಯ ಕಡೆ ತಿರುಗಿ, ನಗುತ್ತಲೇ, "ನಿನ್ನ ದೆಸೆಯಿಂದ ಆ ಹಾಲೇಶನ ಕೆಲಸ ಹೋಗಿತ್ತು ನೋಡು. ಕದೀತಾನೆ ಅಂತ ಹಬ್ಬ ಆದಮ್ಯಾಲೆ ಬಿಡಿಸೋನಿದ್ದೆ" ಅಂದರು.

ಅಜ್ಜಿಯ ಕೈ ಅವರೆಕಾಯಿಯ ಮೇಲೆ ನಿಂತಿತು.

"ಯಾರು, ಹಾಲೇಶ ಕದೀತಾನಾ?"

"ಹಂಗಂದ್ಕೊಂಡಿದ್ದೆ."

"ದಿನಾ ಮಾತಾಡ್ತಾನೆ ನನ್ನ ಜೋಡಿ. ಒಂದ್ ದಿನಾನೂ ಹೇಳಲಿಲ್ಲ." ಅವರೆಕಾಯಿ ಪಕ್ಕಕ್ಕೆ ಸರಿಸಿ, "ವಿಶಾಲಿ, ನಾಳೆ ನನ್ನ ಸೊರಬಕ್ಕೆ ಕರಕೊಂಡು ಹೋಗು" ಅಂದಳು.

ಮರುದಿನ ಹೋಗಲಾಗಲಿಲ್ಲ, ಕೋಣೆ ಕಟ್ಟುವ ಕೆಲಸ ಇತ್ತು. ಅಜ್ಜಿ ಅಂಕಿ ಓದಬಲ್ಲವಳು. ಅವಳಿಗೆ ಒತ್ತಲು ಬೇಕಾದದ್ದೂ ಅಂಕಿಯೇ. ಮಧ್ಯಾಹ್ನದೊಳಗೆ ಕಲಿತಳು. ಸಂಜೆಗೆ ಮಗನ ಇಸ್ಪೀಟು ಯಾವ ಕೋಣೆಯಲ್ಲಿದೆ ಅಂತಲೂ ಕಂಡುಹಿಡಿದು, ಅದನ್ನು ತೆಗೆದುಹಾಕು ಅಂತ ನನ್ನ ಬೆನ್ನು ಬಿದ್ದಳು. ಅದರ ಮಾರನೇ ದಿನ ಸೊರಬಕ್ಕೆ ಹೊರಟೆವು. ಸಾವ್ಕಾರ್ರು ಕಾರಿನಲ್ಲಿ ಕಳಿಸಿ, ಸಂಜೆಗೆ ನಮ್ಮ ಬಸ್ಸಿನಲ್ಲೇ ಬನ್ನಿ ಅಂದರು.

ಅಜ್ಜಿಯನ್ನು ಬಾಗಿಲಲ್ಲಿ ನೋಡಿ ಹಾಲೇಶ ಗಡಬಡಿಸಿ ಕೋಲು ಹುಡುಕಿದ. ಅಷ್ಟು ದಿನ ದನಿ ಕೇಳಿದ್ದನೇ ಹೊರತು ಅವರಿಬ್ಬರೂ ಎದುರು ಬದುರು ಕೂತು ವರ್ಷಗಳಾಗಿದ್ದವು.

"ಕೂತ್ಕೋ, ಕೂತ್ಕೋ. ಏಳಬ್ಯಾಡ." ಅಜ್ಜಿ ಗಿರಾಕಿಗಳ ಬೆಂಚಿನ ಮೇಲೆ ಕೂತಳು. "ನಾನು ಸೀಟು ಕೊಡೋದು ನಿಂಗೆ ಗೊತ್ತಿತ್ತೇನೋ?"

ಹಾಲೇಶ ನನ್ನ ಮುಖ ನೋಡಿದ. "ಗೊತ್ತಿತ್ತು ಅಜ್ಜಿ."

"ನಿನ್ನ ಕೆಲಸ ಹೋಗ್ತೈತಿ ಅಂತಾನೂ ಗೊತ್ತಿತ್ತು?"

"ಹೂಂ. ಮೇಡಂ ಹೇಳಿದ್ರು."

"ಮತ್ಯಾಕೋ ಬಾಯಿಗೆ ಮಣ್ಣು ಹಾಕ್ಕೊಂಡು ಕೂತಿದ್ದಿ, ಹುಚ್ಚಪ್ಪಾ? ನಂಗೆ ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿರಲಿಲ್ವಾ?"

"ಅದಕ್ಕೇ ಹೇಳ್ಲಿಲ್ಲ." ಅವನು ಪರದೆಯ ಕಡೆ ನೋಡುತ್ತ ಹೇಳಿದ. "ನನ್ನ ಕಾಲು ಹೋದಾಗ ನನ್ನ ಬೆಂಗ್ಳೂರಿಗೆ ಒಯ್ದಿದ್ರಲ್ಲ. ಬದುಕ್ತಾನೋ ಇಲ್ವೋ ಅಂತಿದ್ರು. ಬಸ್ಸು ತುಂಬಿತ್ತು. ನಮ್ಮವ್ವ ನಿಮಗೆ ಫೋನ್ ಮಾಡಿ ಅತ್ಲಂತೆ. ನೀವು ಮೂರನೇ ಸೀಟು ಕೊಟ್ರಿ. ನಾನು ಕಣ್ಣು ಬಿಟ್ಟಾಗ ಅವಳು ಎದುರಿಗೇ ಕೂತಿದ್ಲು. ಅವತ್ತು ಆ ಸೀಟಿಗೂ ಯಾರೋ ದುಡ್ಡು ಹಿಡ್ಕೊಂಡು ನಿಂತಿರ್ತಾರೆ ಅಲ್ದಾ ಅಜ್ಜಿ? ಈಗ ನನ್ನ ಕುರ್ಚಿ ಉಳೀಲಿ ಅಂತ ಅದನ್ನ ನಿಲ್ಲಿಸಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಂಗೆ ನೆಪ್ಪೇ ಇಲ್ಲ ನೋಡೋ" ಅಂದಳು ಅಜ್ಜಿ. ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮವ್ವ ಹೆಂಗದಾಳೆ?"

"ಗಟ್ಟಿ ಇದಾಳೆ. ಬೆಳಿಗ್ಗೆ ತಾನೇ ನನ್ನ ಬೈದು ಕಳ್ಸಿದ್ಲು."

"ಬೈಲಿ, ಬೈಲಿ. ನಾಕು ಬೈಗಳ ನಂದೂ ಸೇರಿಸಿ ಬೈಲಿ." ಅಜ್ಜಿ ಚೀಲ ಎತ್ತಿಕೊಂಡು ಎದ್ದಳು. ನಾನು ಅಳುತ್ತಿದ್ದೆ, ಅದನ್ನು ಇಬ್ಬರೂ ನೋಡಿಯೂ ನೋಡದವರಂತೆ ಇದ್ದರು. "ಸಂಜೆ ಬಸ್ಸಿಗೆ ನಮ್ಮಿಬ್ಬರಿಗೆ ಟಿಕೆಟ್ ಕೊಡು."

"ಮೂರು ನಾಕು ಈಗ ನಿಮ್ಮ ಕೋಣೇಲೇ ಇದಾವಲ್ಲ ಅಜ್ಜಿ. ನಂಗೆ ಕಾಣದೇ ಇಲ್ಲ."

"ಅವು ಶಿಕಾರಿಪುರದಾಗೆ ಯಾರಿಗಾದ್ರೂ ಬೇಕಾಗ್ತಾವೆ. ನೀನು ನಿನ್ನ ಹತ್ರ ಇರೋದ್ರಾಗೆ ಹಿಂದಿಂದು ಕೊಡು. ನಾನು ಎಬ್ಬಿಸಿ ಕಳಿಸಿದೋರೆಲ್ಲ ಅಲ್ಲೇ ಅಲ್ವೇನು ಕೂತಿದ್ದು?"

ಕಡೆಯ ಸಾಲಿನಲ್ಲಿ ಕೂತೆವು. ಬಸ್ಸಿನ ಮಾಲೀಕರ ತಾಯಿ ಹಿಂದೆ ಕೂತದ್ದು ನೋಡಿ ಕಂಡಕ್ಟರ್ ಬೆವರಿದ. ಅಜ್ಜಿ ಅವನಿಗೆ ಸುಮ್ಮನಿರು ಅಂತ ಕೈ ಮಾಡಿದಳು. ಸೊರಬ ದಾಟಿದ್ದೇ ತಡ, ಪ್ರತಿ ಗುಂಡಿಗೂ ಅವಳು ಮೇಲೆ ಹಾರಿ ಕೆಳಗೆ ಬೀಳುತ್ತಿದ್ದಳು. ಒಂದು ಕೈಯಲ್ಲಿ ಮುಂದಿನ ಸೀಟಿನ ಕಂಬಿ, ಇನ್ನೊಂದರಲ್ಲಿ ನನ್ನ ತೋಳು. ಶಿರಾಳಕೊಪ್ಪ ಮುಟ್ಟಿದಾಗ ನನ್ನ ಕಡೆ ತಿರುಗಿದಳು.

"ಏ ವಿಶಾಲಿ, ಬೆಂಗ್ಳೂರು ಮಟ ಹಿಂಗೇ ಎತ್ತಿ ಹಾಕ್ತೈತೇನೇ?"

"ಹೌದಜ್ಜಿ."

ಮತ್ತೊಂದು ಗುಂಡಿ. ಅಜ್ಜಿ ಸೊಂಟ ಹಿಡಿದುಕೊಂಡಳು.

"ನನ್ನ ಕೋಣೇಲಿ ಒಂದೇ ಸೀಟು ಇಡು" ಅಂದಳು. "ಇನ್ನೊಂದು ಹಾಲೇಶನ ಕೈಯಾಗೆ ಕೊಡು. ಸೊರಬದಾಗೂ ಯಾರದೋ ಅವ್ವ ಇರ್ತಾಳೆ."